ಹಚ್ಚದಿದ್ದರೆ ಎಷ್ಟು ದಿನಕ್ಕೆ ಹೋಗುತ್ತದೆ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ಫೋನ್ ಮಾಡಿ, "ನೀವು ಮಾಡುವ ಕೆಲಸದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿರಿ, ಮಕ್ಕಳಿಗೆ ತಿಳಿಯುವ ಹಾಗೆ ಇರಲಿ" ಎಂದರು. ನನ್ನ ಕೆಲಸ ಹೇಳಿಕೊಳ್ಳುವಂಥದ್ದಲ್ಲ. ಬೆಂಗಳೂರಿನಲ್ಲಿ ಔಷಧ ಪ್ರಯೋಗಗಳ ದಾಖಲೆ ನೋಡುತ್ತೇನೆ. ಹೊಸ ಔಷಧವನ್ನು ಜನರ ಮೇಲೆ ಪರೀಕ್ಷಿಸುವಾಗ ಯಾರಿಗೆ ಯಾವ ದಿನ ಏನು ಕೊಟ್ಟರು, ಅವರನ್ನು ಕೇಳಿ ಕೊಟ್ಟರೋ ಕೇಳದೆ ಕೊಟ್ಟರೋ, ಬರೆದಿಟ್ಟದ್ದು ನಡೆದದ್ದಕ್ಕೆ ಸರಿಹೊಂದುತ್ತದೆಯೋ ಎಂದು ಒಂದೊಂದು ಹಾಳೆ ತಿರುವಿ ನೋಡುವುದು. ನಮ್ಮ ಅಣ್ಣ ಊರಲ್ಲಿ ಯಾರಾದರೂ ಕೇಳಿದರೆ, "ಅಂವ ಡಾಕ್ಟರಗಳ ಲೆಕ್ಕಾ ತಪಾಸ ಮಾಡ್ತಾನ" ಎನ್ನುತ್ತಾನೆ. ಅದೂ ಪೂರಾ ತಪ್ಪಲ್ಲ.

ಔಷಧ ಪರೀಕ್ಷೆ ಎಂದರೆ ಕ್ಯಾನ್ಸರು, ಹೃದಯ ಎಂದು ದೊಡ್ಡ ರೋಗಗಳೇ ನೆನಪಾಗುತ್ತವೆ. ನಾನು ಇವತ್ತು ಬಹಳ ಸಣ್ಣ ರೋಗ ಒಂದನ್ನು ಹಿಡಿದುಕೊಂಡು ಬಂದಿದ್ದೇನೆ. ತುಟಿಯ ಅಂಚಿಗೆ ಬರುವ ಗುಳ್ಳೆ. ನಮ್ಮ ಮನೆಯಲ್ಲಿ ಇದಕ್ಕೆ "ಜ್ವರದ ಗುಳ್ಳಿ" ಎನ್ನುತ್ತಿದ್ದರು. ಜ್ವರ ಇಲ್ಲದೆ ಬಂದರೆ "ರಾತ್ರಿ ಹಲ್ಲಿ ಉಚ್ಚಿ ಬಿದ್ದೈತಿ" ಎನ್ನುತ್ತಿದ್ದರು. ಪಾಪ, ಹಲ್ಲಿಗೂ ಇದಕ್ಕೂ ಸಂಬಂಧವಿಲ್ಲ. ಈ ರೋಗ ಆರಿಸಿಕೊಂಡದ್ದಕ್ಕೆ ಕಾರಣ, ಇದು ನನಗೇ ಇದೆ. ಎಂಟನೆಯ ಇಯತ್ತೆಯಿಂದ ಇದೆ. ಮತ್ತು ನನ್ನ ಇಡೀ ಕೆಲಸದ ಮೊದಲ ಪಾಠ ಈ ಗುಳ್ಳೆಯ ಮೇಲೆ, ಈ ಶಾಲೆಯಲ್ಲೇ ಆಯಿತು.

ಆಗ ನಮ್ಮದು ತಂಬಾಕಿನ ಹೊಲ. ಬೀಡಿ ತಂಬಾಕು ಕೊಯ್ದು ಹೊಲದಲ್ಲೇ ಬಿಸಿಲಿಗೆ ಒಣಗಿಸುವ ದಿನಗಳಲ್ಲಿ ಶಾಲೆ ಬಿಟ್ಟ ಮೇಲೆ ಮತ್ತು ಭಾನುವಾರ ನಾವೆಲ್ಲ ಅಲ್ಲೇ ಇರುತ್ತಿದ್ದೆವು. ಬಿಸಿಲಲ್ಲಿ ನಿಂತು ಮೂರ್ನಾಲ್ಕು ದಿನಕ್ಕೆ ನನ್ನ ಕೆಳತುಟಿಯ ಎಡ ಅಂಚಿನಲ್ಲಿ ಚುಮುಚುಮು ಅನ್ನುತ್ತಿತ್ತು. ಮರುದಿನ ಸಾಸಿವೆಯಷ್ಟು ನೀರುಗುಳ್ಳೆಗಳು, ಗೊಂಚಲಾಗಿ. ಆಮೇಲೆ ಒಡೆದು, ಹಳದಿ ಹಕ್ಕಳೆ ಕಟ್ಟಿ, ಉದುರಿ ಹೋಗುತ್ತಿತ್ತು. ಪ್ರತಿ ಸಲ ಅದೇ ಜಾಗ. ನಮ್ಮ ಆಯಿ ಅದಕ್ಕೆ ಬೆಣ್ಣೆಯಲ್ಲಿ ಅರಿಷಿಣ ಕಲೆಸಿ ಹಚ್ಚುತ್ತಿದ್ದಳು. ಎಂಟು ದಿನದಲ್ಲಿ ಮಾಯ. ಆಯಿಯ ಬೆಣ್ಣೆ ಒಂದು ಸಲವೂ ಸೋತದ್ದಿಲ್ಲ.

ಒಂಬತ್ತನೆಯ ಇಯತ್ತೆಯಲ್ಲಿ ವಿಜ್ಞಾನದ ಸರ್ ಅವರೆ ಬೀಜದ ಪ್ರಯೋಗ ಮಾಡಿಸಿದರು. ಎರಡು ಡಬ್ಬಿ, ಅದೇ ಮಣ್ಣು, ಅಷ್ಟೇ ನೀರು. ಒಂದು ಕಿಟಕಿಯಲ್ಲಿ, ಇನ್ನೊಂದು ಕಪಾಟಿನ ಒಳಗೆ. "ಕಪಾಟದಾಗಿಂದು ಯಾಕ ಬೇಕ್ರಿ ಸರ್, ಅದು ಹೆಂಗೂ ಸಾಯತೈತಿ" ಎಂದು ನಾನು ಕೇಳಿದೆ. ಸರ್ ಹೇಳಿದ್ದು ಇಷ್ಟೇ: "ಅದಿಲ್ಲಂದ್ರ ಕಿಟಕಿದಾಗಿಂದು ಬೆಳಕಿಗೇ ಬೆಳೀತು ಅಂತ ನಿನಗ ಹೆಂಗ ಗೊತ್ತಾಗಬೇಕೋ ತಮ್ಮಾ?" ಆ ವಾರ ನನ್ನ ತುಟಿಯ ಮೇಲೆ ಹಳದಿ ಬೆಣ್ಣೆ ಇತ್ತು. ಸರ್ ನೋಡಿದರು. ಏನದು ಎಂದರು. ಬೆಣ್ಣೆ ಹಚ್ಚಿದರೆ ಎಂಟು ದಿನಕ್ಕೆ ಹೋಗುತ್ತದೆ ಎಂದೆ. "ಹಚ್ಚದಿದ್ದರ ಎಷ್ಟ ದಿನಕ್ಕ ಹೋಗತೈತಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಬೋರ್ಡಿನ ಕಡೆ ತಿರುಗಿದರು.

ಉತ್ತರ ನನ್ನ ಹತ್ತಿರ ಇರಲಿಲ್ಲ. ಮುಂದಿನ ಸಲ ಗುಳ್ಳೆ ಬಂದಾಗ ಆಯಿಗೆ ಕೈ ಮುಗಿದು, ಬೆಣ್ಣೆ ಬೇಡ ಎಂದೆ. ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ದಿನಕ್ಕೊಂದು ಗೆರೆ ಎಳೆದೆ. ಎಂಟು ಗೆರೆಗೆ ಹಕ್ಕಳೆ ಉದುರಿತು. ಓಡಿಹೋಗಿ ಆಯಿಗೆ ತೋರಿಸಿದೆ. ಆಯಿ ಸೋಲುವವಳಲ್ಲ. "ಹೋದ ಸಲ ಹಚ್ಚಿದ್ದು ಇನ್ನಾ ಒಳಗ ಐತಿ, ಅದ ಕೆಲಸಾ ಮಾಡೈತಿ" ಎಂದಳು. ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ. ಹದಿನೈದು ವರ್ಷದ ನಂತರ ನನಗೆ ತರಬೇತಿ ಕೊಡುವಾಗ, ಒಬ್ಬನಿಗೇ ಮೊದಲು ಒಂದು ಔಷಧ, ಆಮೇಲೆ ಇನ್ನೊಂದು ಕೊಟ್ಟು ನೋಡುವ ಪ್ರಯೋಗದಲ್ಲಿ ಮೊದಲಿನದರ ಪ್ರಭಾವ ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ನಡುವೆ ಸಾಕಷ್ಟು ದಿನ ಬಿಡಬೇಕು ಎಂದು ಕಲಿಸಿದರು. ಆಯಿಯ ಆಕ್ಷೇಪಣೆ ಪುಸ್ತಕದಲ್ಲೇ ಇತ್ತು.

ಈಗ ರೋಗದ ಬಗ್ಗೆ ಎರಡು ಮಾತು. ಇದು ಹರ್ಪಿಸ್ ಸಿಂಪ್ಲೆಕ್ಸ್ ಎಂಬ ವೈರಸ್ಸಿನ ಮೊದಲನೆಯ ತಳಿಯಿಂದ ಬರುವುದು. ಬಹಳ ಜನರಿಗೆ ಚಿಕ್ಕಂದಿನಲ್ಲೇ, ಮನೆಯವರ ಮುದ್ದಿನಿಂದಲೇ ಅಂಟಿರುತ್ತದೆ. ಜಗತ್ತಿನಲ್ಲಿ 50 ವರ್ಷದೊಳಗಿನ ಮೂವರಲ್ಲಿ ಸುಮಾರು ಇಬ್ಬರ ಮೈಯಲ್ಲಿ ಇದು ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆದ್ದರಿಂದ ತುಟಿಯ ಗುಳ್ಳೆ ಕಂಡ ಕೂಡಲೆ ಯಾರ ನಡತೆಯ ಮೇಲೂ ಮಾತಾಡಬೇಡಿ. ವೈರಸ್ಸು ಒಮ್ಮೆ ಹೊಕ್ಕರೆ ಹೋಗುವುದಿಲ್ಲ. ಮುಖದ ನರದ ಬುಡದಲ್ಲಿ ಒಂದು ಗಂಟು ಇದೆ, ಅಲ್ಲಿ ಮಲಗಿರುತ್ತದೆ. ಹೆಚ್ಚಿನವರಲ್ಲಿ ಜೀವಮಾನವಿಡೀ ಸುಮ್ಮನಿರುತ್ತದೆ. ನನ್ನಂಥವರಲ್ಲಿ ಜ್ವರ, ದಣಿವು, ತುಟಿಗೆ ಪೆಟ್ಟು, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಬಿಸಿಲು ಅದನ್ನು ಎಬ್ಬಿಸುತ್ತವೆ. ಬಿಸಿಲಲ್ಲಿ ಎಬ್ಬಿಸುವುದು ಕಾವಲ್ಲ, ಕಣ್ಣಿಗೆ ಕಾಣದ ನೇರಳಾತೀತ ಕಿರಣ. ಅದು ತುಟಿಯ ಚರ್ಮಕ್ಕೆ ಗಾಯ ಮಾಡುತ್ತದೆ, ಆ ಜಾಗದ ಕಾವಲನ್ನೂ ಸಡಿಲಿಸುತ್ತದೆ. ಎದ್ದ ವೈರಸ್ಸು ನರದ ದಾರಿ ಹಿಡಿದು ಮೊದಲು ಬಂದ ಜಾಗಕ್ಕೇ ಬರುತ್ತದೆ.

ಔಷಧ ಪರೀಕ್ಷೆ ಮಾಡುವವರಿಗೆ ಇದು ಬಹಳ ತೊಂದರೆಯ ರೋಗ. ಕಾರಣ, ಇದು ತಾನಾಗಿಯೇ ವಾಸಿಯಾಗುತ್ತದೆ. ಏಳು ದಿನ, ಹತ್ತು ದಿನ. ಏನು ಹಚ್ಚಿದರೂ ಹೋಗುತ್ತದೆ. ಬೆಣ್ಣೆ, ಸುಣ್ಣ, ಟೂತ್‌ಪೇಸ್ಟು, ಮಂತ್ರಿಸಿದ ವಿಭೂತಿ, ಎಲ್ಲಕ್ಕೂ ನೂರಕ್ಕೆ ನೂರು ಗೆಲುವು. ಜೊತೆಗೆ ಯಾವಾಗ ಬರುತ್ತದೆ ಎಂದು ಹೇಳಲಾಗದು. ಒಂದು ವರ್ಷ ನಾಲ್ಕು ಸಲ, ಇನ್ನೊಂದು ವರ್ಷ ಒಂದೂ ಇಲ್ಲ. ಆ ಒಂದೂ ಇಲ್ಲದ ವರ್ಷ ನೀವು ಏನು ತಿಂದಿರೋ ಅದೇ ಔಷಧ ಅನಿಸಿಬಿಡುತ್ತದೆ.

ಇಂಥ ರೋಗಕ್ಕೆ ಔಷಧ ಹೇಗೆ ಪರೀಕ್ಷಿಸಬೇಕು? ಇಲ್ಲಿ ನಾನು ನಿಮ್ಮನ್ನು ಸ್ವಲ್ಪ ದೂರ, ಅಮೆರಿಕದ ಯೂಟಾ ಎಂಬ ರಾಜ್ಯಕ್ಕೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಸ್ಪ್ರೂಅನ್ಸ್ ಎಂಬ ಡಾಕ್ಟರರು ತಮ್ಮ ವೃತ್ತಿಯ ಬಹುಪಾಲನ್ನು ಈ ಸಣ್ಣ ಗುಳ್ಳೆಗೇ ಕೊಟ್ಟರು. ಅವರ ಊರಿನ ಸುತ್ತ ಹಿಮದ ಬೆಟ್ಟಗಳು. ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಸ್ಕೀ ಆಟಕ್ಕೆ ಮಂದಿ ಬರುತ್ತಾರೆ, ವಾರ ಇರುತ್ತಾರೆ, ತುಟಿಗೆ ಗುಳ್ಳೆ ಮಾಡಿಕೊಂಡು ಹೋಗುತ್ತಾರೆ. ಚಳಿಯಲ್ಲಿ ಬಿಸಿಲ ಗುಳ್ಳೆ ಹೇಗೆ ಎಂದು ಕೇಳಬಹುದು. ಎತ್ತರಕ್ಕೆ ಹೋದಷ್ಟು ನೇರಳಾತೀತ ಕಿರಣ ಹೆಚ್ಚು. ಅದರ ಮೇಲೆ ಹೊಸ ಹಿಮ ತನ್ನ ಮೇಲೆ ಬಿದ್ದ ಆ ಕಿರಣಗಳಲ್ಲಿ ನೂರಕ್ಕೆ 80ರವರೆಗೂ ಕನ್ನಡಿಯ ಹಾಗೆ ವಾಪಸು ಎಸೆಯುತ್ತದೆ. ನಮ್ಮ ಹೊಲದ ಮಣ್ಣು ನೂರಕ್ಕೆ ಹತ್ತನ್ನೂ ಎಸೆಯುವುದಿಲ್ಲ. ಆದರೆ ನಮ್ಮಲ್ಲಿ ಮೇ ತಿಂಗಳ ಮೊದಲ ಭಾಗದಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೇ ಬಂದು ನಿಲ್ಲುತ್ತಾನೆ, ಅದು ಯೂಟಾಕ್ಕೆ ಎಂದೂ ಇಲ್ಲ.

ಗುಳ್ಳೆ ತಾನಾಗಿ ಯಾವಾಗ ಬರುತ್ತದೋ ಎಂದು ಕಾಯುವ ಬದಲು, ಬೇಕೆಂದಾಗ ಬರಿಸಿದರೆ ಹೇಗೆ ಎಂದು ಸಂಶೋಧಕರು ಯೋಚಿಸಿದರು. ಬಿಸಿಲಿಗೆ ಗುಳ್ಳೆ ಏಳುತ್ತದೆ ಎಂದು ಅನುಭವ ಇದ್ದವರನ್ನು ಕರೆದು, ಅವರ ಒಪ್ಪಿಗೆ ಪಡೆದು, ತುಟಿಯ ಮೇಲೆ ಅಳತೆ ಮಾಡಿ ನೇರಳಾತೀತ ದೀಪ ಬಿಡುವುದು. ಎಲ್ಲರಿಗೂ ಒಂದೇ ಲೆಕ್ಕದ ಬಿಸಿಲು. ಒಂದೇ ಮಣ್ಣು, ಒಂದೇ ನೀರು.

1991ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ರೂನಿ ಮತ್ತು ಸಂಗಡಿಗರು ಇಂಥ ಒಂದು ಪ್ರಯೋಗ ಪ್ರಕಟಿಸಿದರು. ಬಿಸಿಲು ತಡೆಯುವ ಮುಲಾಮು, ಅಂದರೆ ಸನ್‌ಸ್ಕ್ರೀನ್, ಹಚ್ಚಿದರೆ ಗುಳ್ಳೆ ನಿಲ್ಲುತ್ತದೆಯೇ ಎಂಬುದು ಪ್ರಶ್ನೆ. ಅದೇ ಜನ, ಒಮ್ಮೆ ನಿಜ ಮುಲಾಮು, ಇನ್ನೊಮ್ಮೆ ಅದರಂತೆಯೇ ಕಾಣುವ ಹುಸಿ ಮುಲಾಮು. ಯಾವುದು ಯಾವುದೆಂದು ಹಚ್ಚಿಕೊಂಡವರಿಗೂ ಗೊತ್ತಿಲ್ಲ, ನೋಡುವ ಡಾಕ್ಟರಿಗೂ ಗೊತ್ತಿಲ್ಲ. ಹುಸಿ ಮುಲಾಮು ಹಚ್ಚಿ ದೀಪ ಬಿಟ್ಟಾಗ 38 ಮಂದಿಯಲ್ಲಿ 27 ಮಂದಿಗೆ ಗುಳ್ಳೆ ಬಂತು, ಸರಾಸರಿ ಮೂರು ದಿನದೊಳಗೆ. ನಿಜ ಮುಲಾಮು ಹಚ್ಚಿದಾಗ 35 ಮಂದಿಯಲ್ಲಿ ಒಬ್ಬರಿಗೂ ಬರಲಿಲ್ಲ. ಸೊನ್ನೆ. ನನ್ನ ಕೆಲಸದಲ್ಲಿ ಇಷ್ಟು ಸ್ವಚ್ಛ ಲೆಕ್ಕ ನೋಡುವುದು ಅಪರೂಪ.

ಇಲ್ಲಿಗೇ ನಿಲ್ಲಿಸಿದರೆ ಒಳ್ಳೆಯ ಭಾಷಣ ಆಗುತ್ತಿತ್ತು. ಆದರೆ ಅದಕ್ಕೂ ನಾಲ್ಕು ವರ್ಷ ಮೊದಲು, 1987ರಲ್ಲಿ, ಅದೇ ಸ್ಪ್ರೂಅನ್ಸ್ ಅವರೂ ಸೇರಿದ್ದ ಒಂದು ಗುಂಪು ಸನ್‌ಸ್ಕ್ರೀನನ್ನು ನಿಜವಾದ ಹಿಮದ ಮೇಲೆ, ನಿಜವಾದ ಬಿಸಿಲಲ್ಲಿ, ಸ್ಕೀ ಆಡುವವರಿಗೆ ಹಚ್ಚಿಸಿ ನೋಡಿತ್ತು. ಅಲ್ಲಿ ನಿಜ ಮುಲಾಮಿಗೂ ಹುಸಿಗೂ ವ್ಯತ್ಯಾಸ ಕಾಣಲಿಲ್ಲ.

ಇದು ಹೇಗೆ? ದೀಪದ ಕೋಣೆಯಲ್ಲಿ ಮುಲಾಮನ್ನು ಅಳತೆ ಮಾಡಿ ಹಚ್ಚುತ್ತಾರೆ, ದೀಪ ಆರುವವರೆಗೆ ಯಾರೂ ತುಟಿ ಮುಟ್ಟುವುದಿಲ್ಲ. ಬೆಟ್ಟದ ಮೇಲೆ ಮನುಷ್ಯ ನೀರು ಕುಡಿಯುತ್ತಾನೆ, ತುಟಿ ನೆಕ್ಕುತ್ತಾನೆ, ಕೈಚೀಲದಿಂದ ಒರೆಸಿಕೊಳ್ಳುತ್ತಾನೆ, ಮತ್ತೆ ಹಚ್ಚಲು ಮರೆಯುತ್ತಾನೆ. ಗಾಳಿ, ಚಳಿ, ದಣಿವು ಬೇರೆ. ಪಾಲುಗೊಂಡವರೂ ಕೆಲವೇ ಮಂದಿ. ಇವು ನನಗೆ ಸರಿ ಕಾಣುವ ಕಾರಣಗಳು. ಎರಡೂ ಪ್ರಯೋಗ ಪ್ರಾಮಾಣಿಕವೇ. ಒಂದು "ಬಿಸಿಲು ತಡೆದರೆ ಗುಳ್ಳೆ ನಿಲ್ಲುತ್ತದೆಯೇ" ಎಂದು ಕೇಳಿತು, ಇನ್ನೊಂದು "ಮಂದಿಯ ಕೈಗೆ ಮುಲಾಮು ಕೊಟ್ಟರೆ ಗುಳ್ಳೆ ನಿಲ್ಲುತ್ತದೆಯೇ" ಎಂದು ಕೇಳಿತು. ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಿಪ್ಪಾಣಿಯ ಕೃಷಿ ಸಂಶೋಧನಾ ಕೇಂದ್ರದ ತಾಕಿನಲ್ಲಿ ಬಂದ ಇಳುವರಿ ನಮ್ಮ ಹೊಲದಲ್ಲಿ ಬರುವುದಿಲ್ಲ ಎಂದು ನಮ್ಮ ಅಪ್ಪ ಗೊಣಗುತ್ತಿದ್ದದ್ದು ಇದೇ ಮಾತು. ಅಂದ ಹಾಗೆ, ಚೀಟಿ ಎತ್ತಿ ಯಾರಿಗೆ ಯಾವುದು ಎಂದು ತೀರ್ಮಾನಿಸುವ ಪದ್ಧತಿ ಆಸ್ಪತ್ರೆಯಲ್ಲಿ ಬೆಳೆದದ್ದಲ್ಲ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಎಂಬ ಕೃಷಿ ಕೇಂದ್ರದಲ್ಲಿ 1920ರ ದಶಕದಲ್ಲಿ ಫಿಶರ್ ಎಂಬ ಗಣಿತಜ್ಞರು ಗೊಬ್ಬರ, ತಳಿಗಳ ತಾಕುಗಳಿಗಾಗಿ ಅದನ್ನು ರೂಪಿಸಿದರು. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ನೋಡಿದ 1948ರ ಹೆಸರಾಂತ ಪ್ರಯೋಗ ಆಮೇಲಿನದು. ಹೊಲದಿಂದ ಆಸ್ಪತ್ರೆಗೆ ಹೋದ ವಿದ್ಯೆ ಅದು.

ಗುಳಿಗೆಯ ವಿಷಯಕ್ಕೆ ಬರೋಣ. ಅಸೈಕ್ಲೋವಿರ್ ಎಂಬ ಔಷಧ ನಿಮ್ಮಲ್ಲಿ ಕೆಲವರಿಗೆ ನಾಗರಹುಣ್ಣಿಗೆ ಕೊಟ್ಟಿರಬಹುದು. ಅದನ್ನು ಕಂಡುಹಿಡಿದ ತಂಡದ ಮುಂದಾಳು ಗರ್ಟ್ರೂಡ್ ಎಲಿಯನ್ ಎಂಬ ಹೆಣ್ಣುಮಗಳು. ಇಲ್ಲಿ ಕೂತಿರುವ ಹುಡುಗಿಯರು ಈ ಹೆಸರು ಬರೆದುಕೊಳ್ಳಬೇಕು. ಹೆಣ್ಣು ಎಂದು ಪ್ರಯೋಗಾಲಯದವರು ಕೆಲಸ ಕೊಡದಿದ್ದ ಕಾಲದಲ್ಲಿ ಆಕೆ ನ್ಯೂಯಾರ್ಕಿನ ಹೈಸ್ಕೂಲುಗಳಲ್ಲಿ ವಿಜ್ಞಾನ ಕಲಿಸುತ್ತ, ರಾತ್ರಿ ಮತ್ತು ರಜೆಯ ದಿನ ತನ್ನ ಎಂ.ಎಸ್ಸಿ. ಕೆಲಸ ಮುಗಿಸಿದಳು. 1988ರಲ್ಲಿ ನೊಬೆಲ್ ಬಂತು. ಆಕೆಯ ಔಷಧದ ಜಾಣತನ ಏನೆಂದರೆ, ಅದು ವೈರಸ್ಸು ಹೊಕ್ಕ ಜೀವಕೋಶದಲ್ಲಿ ಮಾತ್ರ, ವೈರಸ್ಸಿನದೇ ಕಿಣ್ವದಿಂದ ಚಾಲೂ ಆಗುತ್ತದೆ. ಕಳ್ಳನ ಕೈಯಿಂದಲೇ ಕಳ್ಳನಿಗೆ ಬೇಡಿ ಹಾಕಿಸಿದ ಹಾಗೆ.

ಅದೇ 1988ರಲ್ಲಿ ಯೂಟಾದವರು 147 ಸ್ಕೀ ಆಟಗಾರರಿಗೆ ಬಿಸಿಲಿಗೆ ಹೋಗುವ ಮೊದಲೇ ಗುಳಿಗೆ ಶುರು ಮಾಡಿಸಿ ನೋಡಿದರು. ಹುಸಿ ಗುಳಿಗೆ ತಿಂದವರಲ್ಲಿ ನೂರಕ್ಕೆ 26 ಮಂದಿಗೆ ಗುಳ್ಳೆ ಬಂತು, ನಿಜ ಗುಳಿಗೆಯವರಲ್ಲಿ 7 ಮಂದಿಗೆ. ಆದರೆ ನಂತರ ಬೇರೆಯವರು ಮಾಡಿದ ಪ್ರಯೋಗದಲ್ಲಿ ಇಷ್ಟು ಚೆನ್ನಾದ ಲಾಭ ಕಾಣಲಿಲ್ಲ. ಇನ್ನೊಂದು ಸಂಗತಿ ದೀಪದ ಪ್ರಯೋಗಗಳಿಂದಲೇ ತಿಳಿಯಿತು. ಕೆಲವರಿಗೆ ಗುಳ್ಳೆ ಎರಡು ದಿನದೊಳಗೇ ಏಳುತ್ತದೆ, ಕೆಲವರಿಗೆ ಎರಡರಿಂದ ಏಳು ದಿನದ ನಡುವೆ. ತಡವಾಗಿ ಏಳುವವನ್ನು ಔಷಧ ತಡೆಯಿತು, ಬೇಗ ಏಳುವವನ್ನು ತಡೆಯಲಿಲ್ಲ.

ಗುಳ್ಳೆ ಎದ್ದ ಮೇಲೆ ಹಚ್ಚುವ ಅಸೈಕ್ಲೋವಿರ್ ಮುಲಾಮಿನ ಕಥೆ ಇನ್ನೂ ಸಾಧಾರಣ. 2002ರಲ್ಲಿ ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ ನೋಡಿದಾಗ ಸಿಕ್ಕ ಲಾಭ ಸುಮಾರು ಅರ್ಧ ದಿನ. ಐದು ದಿನದ್ದು ನಾಲ್ಕೂವರೆ ದಿನ. ಅದೂ ದಿನಕ್ಕೆ ಐದು ಸಲ, ಚುಮುಚುಮು ಅಂದ ಗಳಿಗೆಯಿಂದಲೇ ಹಚ್ಚಿದರೆ. ಹಕ್ಕಳೆ ಕಟ್ಟಿದ ಮೇಲೆ ಟ್ಯೂಬು ಕೊಳ್ಳುವುದು ದುಡ್ಡಿಗೆ ದಂಡ. ಅರ್ಧ ದಿನ ಎಂದರೆ ನೀವು ನಗಬಹುದು. ನನಗೆ ಆ ಅರ್ಧ ದಿನದ ಮೇಲೆ ಗೌರವ. ಅದು ಸುಳ್ಳಲ್ಲದ ಅರ್ಧ ದಿನ.

ಇಷ್ಟೆಲ್ಲ ಯಾಕೆ ಬೇಕು, ಹೇಗೂ ಹೋಗುವ ಗುಳ್ಳೆಗೆ ಎಂದು ಕೆಲವರ ಮುಖದ ಮೇಲೆ ಕಾಣುತ್ತಿದೆ. ಅದಕ್ಕೆ ಒಂದು ಘಟನೆ ಹೇಳಬೇಕು. ಊರಲ್ಲಿ ಇದುವರೆಗೆ ಹೇಳಿರಲಿಲ್ಲ.

ಡಿ.ಫಾರ್ಮ ಮುಗಿಸಿದ ಮೇಲೆ ನಾನು ಎರಡು ವರ್ಷ ಒಂದು ಪೇಟೆಯ ಮೆಡಿಕಲ್ ಅಂಗಡಿಯಲ್ಲಿ ಕೂತಿದ್ದೆ. ಅಂಗಡಿ ಯಾವುದು ಎಂಬುದು ಬೇಡ, ಕೊಟ್ಟ ಕೈ ನನ್ನದು. ಕಬ್ಬು ಕಡಿಯುವ ಕೆಲಸಕ್ಕೆ ಬಂದ ಒಬ್ಬ ಹೆಣ್ಣುಮಗಳು, ನಮ್ಮ ಅವ್ವನ ವಯಸ್ಸು, ತುಟಿ ತೋರಿಸಿ ಏನಾದರೂ ಕೊಡು ಎಂದಳು. ಡಾಕ್ಟರ ಚೀಟಿ ಇರಲಿಲ್ಲ. ಕೆಂಪು, ಉರಿ, ತುರಿಕೆ ಎಂದರೆ ಎಲ್ಲರೂ ಕೊಡುತ್ತಿದ್ದ ಒಂದು ಸ್ಟೆರಾಯ್ಡ್ ಮುಲಾಮು ತೆಗೆದುಕೊಟ್ಟೆ. "ಮಾವಶಿ, ಇದನ್ನ ಹಚ್ಚರಿ, ಎರಡ ದಿನದಾಗ ಇಳೀತೈತಿ" ಎಂದೆ. ಧೈರ್ಯವಾಗಿ ಹೇಳಿದೆ, ಯಾಕೆಂದರೆ ಕೊಂಡವರು ಯಾರೂ ವಾಪಸು ಬಂದು ಬೈದಿರಲಿಲ್ಲ. ಸ್ಟೆರಾಯ್ಡ್ ಮಾಡುವುದೇನು? ಮೈ ವೈರಸ್ಸಿನ ಮೇಲೆ ಮಾಡುವ ಜಗಳವನ್ನು ಅಡಗಿಸುತ್ತದೆ. ಜಗಳ ನಿಂತರೆ ಕೆಂಪು ಇಳಿಯುತ್ತದೆ. ವೈರಸ್ಸಿಗೆ ದಾರಿ ಖಾಲಿ.

ಹತ್ತು ಹನ್ನೆರಡು ದಿನಕ್ಕೆ ಆಕೆ ಮತ್ತೆ ಬಂದಳು. ಗುಳ್ಳೆ ತುಟಿ ದಾಟಿ ಗದ್ದದವರೆಗೆ ಹರಡಿತ್ತು. ಬಾಯಿ ಅಗಲಿಸಿ ರೊಟ್ಟಿ ತಿನ್ನಲು ಆಗುತ್ತಿರಲಿಲ್ಲ. ನಾಲ್ಕು ದಿನದ ಕೂಲಿ ಹೋಗಿತ್ತು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. "ತಮ್ಮಾ, ಮೊದಲ ಎರಡ ದಿನ ಭಾಳ ಚೊಲೊ ಅನಸ್ತು ನೋಡು. ಅದ ಟ್ಯೂಬ ಇನ್ನೊಂದ ಕೊಡತಿಯೇನ?" ಎಂದಳು.

ಕೊಡಲಿಲ್ಲ. ಸೈಕಲ್ಲಿನ ಮೇಲೆ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ವಾಸಿಯಾಯಿತು, ಸಣ್ಣ ಕಲೆ ಉಳಿಯಿತು. ಆದರೆ ಆ ಪ್ರಶ್ನೆಯಿಂದಾಗಿ ನಾನು ಮುಂದಿನ ವರ್ಷ ಅಂಗಡಿ ಬಿಟ್ಟೆ. ನಾನು ಮಾರುವುದನ್ನು ನಂಬಿದ್ದದ್ದೂ ಆಕೆ ಮತ್ತೆ ಕೇಳಿದ್ದೂ ಒಂದೇ ಲೆಕ್ಕದಿಂದ: ಹಚ್ಚಿದೆ, ಚೊಲೊ ಅನಿಸಿತು. ಕಪಾಟಿನ ಡಬ್ಬಿಯನ್ನು ನಾನು ಮರೆತಿದ್ದೆ.

ಆದ್ದರಿಂದ ಸ್ವಲ್ಪ ಕಟುವಾಗಿ ಹೇಳುತ್ತೇನೆ, ಕ್ಷಮಿಸಿ. ತುಟಿಯ ಗುಳ್ಳೆಗೆ ಅಂಗಡಿಯಲ್ಲಿ ಕೇಳಿ ಸಿಕ್ಕ ಬಿಳಿ ಮುಲಾಮು ಹಚ್ಚಬೇಡಿ. ಗುಳ್ಳೆ ಇರುವಾಗ ಕಣ್ಣು ಕೆಂಪಾಗಿ, ಬೆಳಕು ನೋಡಲಾಗದಿದ್ದರೆ ಅವತ್ತೇ ಕಣ್ಣಿನ ಡಾಕ್ಟರರ ಹತ್ತಿರ ಹೋಗಿ, ಮನೆಯಲ್ಲಿರುವ ಹಳೆಯ ಕಣ್ಣಿನ ಹನಿ ಹಾಕಬೇಡಿ. ಗುಳ್ಳೆ ಇರುವವರು, ಅಜ್ಜಿಯೇ ಇರಲಿ ಅತ್ತೆಯೇ ಇರಲಿ, ಬಾಣಂತಿ ಕೋಣೆಯ ಹಸುಗೂಸಿಗೆ ಮುತ್ತು ಕೊಡಬಾರದು. ದೊಡ್ಡವರಿಗೆ ಗುಳ್ಳೆಯಾದದ್ದು ಆ ಕೂಸಿನ ಜೀವಕ್ಕೆ ಬರಬಹುದು. ಇನ್ನು ತಾಲೀಮಿಗೆ ಹೋಗುವ ಹುಡುಗರು: 1989ರಲ್ಲಿ ಅಮೆರಿಕದ ಮಿನ್ನೆಸೋಟಾದ ಒಂದು ಕುಸ್ತಿ ಶಿಬಿರದಲ್ಲಿ 175 ಪೈಲ್ವಾನರಲ್ಲಿ 60 ಮಂದಿಗೆ ಇದೇ ವೈರಸ್ಸು ಮೈಗೆ ಮೈ ತಾಗಿ ಹರಡಿತು. ಗುಳ್ಳೆ ಇದ್ದಷ್ಟು ದಿನ ಕುಸ್ತಿ ಬಿಡಿ, ಟಾವೆಲ್ ಬೇರೆ ಇಡಿ.

ನನ್ನ ಕೆಲಸದ ಒಂದು ಮಾತು ಉಳಿದಿದೆ. ನಿಮ್ಮಲ್ಲಿ ಯಾರಿಗಾದರೂ ದೊಡ್ಡ ಆಸ್ಪತ್ರೆಯಲ್ಲಿ "ಹೊಸ ಔಷಧ ಐತಿ, ತಗೋತೀರೇನು" ಎಂದು ಕೇಳಬಹುದು. ಹೆದರಿ ಓಡಬೇಡಿ, ಸುಮ್ಮನೆ ಹೂಂ ಅನ್ನಲೂಬೇಡಿ. ನಿಮ್ಮ ಭಾಷೆಯಲ್ಲಿ ಬರೆದ ಹಾಳೆ ಕೇಳುವ ಹಕ್ಕು ನಿಮ್ಮದು, ಕನ್ನಡ ಬೇಕೋ ಮರಾಠಿ ಬೇಕೋ ಹೇಳಿ. ಓದಲು ಬಾರದವರಿಗೆ ಓದಿ ಹೇಳಬೇಕು, ಆಗ ಆಸ್ಪತ್ರೆಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಇರಬೇಕು, ಆಮೇಲೆ ಹೆಬ್ಬೆಟ್ಟು. ನಡುವೆ ಬೇಡವೆನಿಸಿದರೆ ಬಿಡಬಹುದು, ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ನಮ್ಮ ದೇಶದಲ್ಲಿ ನಡೆಯುವ ಇಂಥ ಪ್ರಯೋಗಗಳನ್ನು ಬರೆದಿಡುವ ಸರಕಾರಿ ನೋಂದಣಿ 2007ರಿಂದ ಇದೆ, 2009ರಿಂದ ಕಡ್ಡಾಯ. ಅಲ್ಲಿ ಹೆಸರಿಲ್ಲದ ಪ್ರಯೋಗಕ್ಕೆ ಸಹಿ ಮಾಡಬೇಡಿ.

ಕೊನೆಗೆ ಅಣ್ಣನ ವಿಷಯ ಹೇಳಿ ಕೂತುಕೊಳ್ಳುತ್ತೇನೆ. ಅವನಿಗೂ ಬಿಸಿಲಿಗೆ ಗುಳ್ಳೆ ಬರುತ್ತದೆ, ನನಗಿಂತ ಹೆಚ್ಚು. ಅವನು ಹಾಕುವುದು ನಮ್ಮ ಅಪ್ಪನ ಹಾಗೆ ಗಾಂಧಿ ಟೋಪಿ. ಅದು ಮಾನಕ್ಕೆ ಒಳ್ಳೆಯದು, ತುಟಿಗೆ ನೆರಳಿಲ್ಲ. ಎರಡು ವರ್ಷದ ಹಿಂದೆ ಅಗಲ ಅಂಚಿನ ಒಂದು ಟೊಪ್ಪಿಗೆ, ತುಟಿಗೆ ಹಚ್ಚುವ ಸನ್‌ಸ್ಕ್ರೀನ್ ಕಡ್ಡಿ ತಂದುಕೊಟ್ಟೆ. ಹೋದ ದೀಪಾವಳಿಗೆ ಬಂದಾಗ ಕೇಳಿದೆ. "ಭಾಳ ಕಡಿಮಿ ಆಗ್ಯಾವು" ಎಂದ. ಮೊದಲು ವರ್ಷಕ್ಕೆ ಎಷ್ಟು ಬರುತ್ತಿದ್ದವು ಎಂದೆ. ನೆನಪಿಲ್ಲ ಎಂದ. ಈಗ ಎಷ್ಟು ಎಂದೆ. "ನೀ ತಂದದ್ದು, ಕಡಿಮಿ ಆಗಿರಬೇಕಲಾ" ಎಂದ. ನನ್ನ ಮೇಲಿನ ಪ್ರೀತಿಗೆ ಹೇಳಿದ ಲೆಕ್ಕ ಅದು.

ದನದ ಕೊಟ್ಟಿಗೆಯ ಬಾಗಿಲಿಗೆ ಒಂದು ಕ್ಯಾಲೆಂಡರ್ ತೂಗುಹಾಕಿ, ದಾರಕ್ಕೆ ಪೆನ್ಸಿಲ್ ಕಟ್ಟಿ ಬಂದೆ. ಟೊಪ್ಪಿಗೆ ಹಾಕಿದ ದಿನ ಒಂದು ಚುಕ್ಕೆ, ಗುಳ್ಳೆ ಎದ್ದ ದಿನ ಒಂದು ಗೀಟು. ನಿನ್ನೆ ಸಂಜೆ ಬಂದ ಕೂಡಲೆ ಹೋಗಿ ನೋಡಿದೆ. ಚುಕ್ಕೆಗಳು ಬಹಳ ಇವೆ, ಗೀಟು ಎರಡು. ಅದರಲ್ಲಿ ಒಂದು ಗೀಟು ಸತತವಾಗಿ ಐದು ದಿನ ಚುಕ್ಕೆ ಇದ್ದ ವಾರದಲ್ಲೇ ಇದೆ. ಅಣ್ಣನನ್ನು ಕೇಳಿದೆ. ಆ ವಾರ ಅವನಿಗೆ ಜ್ವರ ಬಂದಿತ್ತಂತೆ. ಜ್ವರಕ್ಕೆ ಗುರುತು ಮಾಡು ಎಂದು ನಾನು ಹೇಳಿರಲಿಲ್ಲ. ಇವತ್ತು ಬೆಳಿಗ್ಗೆ ಇಲ್ಲಿಗೆ ಬರುವ ಮೊದಲು ಕ್ಯಾಲೆಂಡರಿನ ಕೆಳಗೆ ಅದನ್ನೂ ಬರೆದು ಬಂದಿದ್ದೇನೆ.